‘ರಾಬರ್ಟ್‌ಸನ್ ಮತ್ತು ರಿಯೊ-ಹೊರ್ತೇಗಾ’: ಮಿದುಳಿನ ಮೂರನೆಯ ಘಟಕದ ಒಂದು ಹಳೆಯ ತಕರಾರು

1920ರಲ್ಲಿ ಸ್ಪೇನಿನ ನರವಿಜ್ಞಾನಿ ರಮೋನ್ ಇ ಕಾಹಾಲ್ ತಮ್ಮ ಮ್ಯಾಡ್ರಿಡ್ ಪ್ರಯೋಗಾಲಯದ ಪತ್ರಿಕೆಯಲ್ಲಿ ‘ರಾಬರ್ಟ್‌ಸನ್ ಮತ್ತು ರಿಯೊ-ಹೊರ್ತೇಗಾ ಅವರ ಮೆಸೊಗ್ಲಿಯಾ’ ಕುರಿತು ಒಂದು ಲೇಖನ ಪ್ರಕಟಿಸಿದರು. ನನ್ನ ತಕರಾರು ಶೀರ್ಷಿಕೆಯಲ್ಲಿರುವ ಆ ‘ಮತ್ತು’ವಿನ ಮೇಲೆ. ಸ್ಕಾಟ್ಲೆಂಡಿನ ಒಬ್ಬರನ್ನೂ ಸ್ಪೇನಿನ ಒಬ್ಬರನ್ನೂ ಅದು ಒಂದೇ ಕೋಶಕ್ಕೆ ಕಟ್ಟಿಹಾಕುತ್ತದೆ. ಕಟ್ಟಿದ ಕೈ ಕಾಹಾಲರದು. ಆ ಗಂಟನ್ನು ಬಿಚ್ಚುವುದು ಅಷ್ಟು ಸುಲಭವಾಗಿರಲಿಲ್ಲ.

ಮಿದುಳಿನ ಘಟಕಗಳಲ್ಲಿ ನರಕೋಶ ಮೊದಲನೆಯದು, ನಕ್ಷತ್ರದಾಕಾರದ ಆಸ್ಟ್ರೊಸೈಟ್ ಎರಡನೆಯದು. ಈ ಎರಡಕ್ಕೂ ಸೇರದೆ ಉಳಿದ ಸಣ್ಣ ಕೋಶಗಳನ್ನು ಕಾಹಾಲ್ 1913ರಲ್ಲಿ ‘ಮೂರನೆಯ ಘಟಕ’ ಎಂದು ಕರೆದರು. ಅವರ ಚಿನ್ನದ ಕ್ಲೋರೈಡ್ ವಿಧಾನ ಆಸ್ಟ್ರೊಸೈಟನ್ನು ಅದರ ತುದಿಗಾಲಿನವರೆಗೂ ತೋರಿಸುತ್ತಿತ್ತು, ಈ ಮೂರನೆಯದನ್ನು ಮಾತ್ರ ಬರೀ ದುಂಡು ಬೀಜವಾಗಿ ಉಳಿಸುತ್ತಿತ್ತು. ಆದ್ದರಿಂದ ಅವಕ್ಕೆ ಕವಲುಗಳೇ ಇಲ್ಲ ಎಂಬುದು ಅವರ ತೀರ್ಮಾನ. ಬಣ್ಣ ಹಿಡಿಯದ್ದನ್ನು ಇಲ್ಲದ್ದು ಎಂದು ಓದಿದ ಈ ಒಂದು ತಪ್ಪಿನಿಂದ ಮುಂದಿನದೆಲ್ಲ ಹುಟ್ಟಿತು. ಪಿಯೊ ದೆಲ್ ರಿಯೊ-ಹೊರ್ತೇಗಾ ಬೆಳ್ಳಿ ಕಾರ್ಬೊನೇಟ್ ವಿಧಾನವನ್ನು ಹದಗೊಳಿಸಿ, 1919ರಲ್ಲಿ ಆ ಬೀಜಗಳಲ್ಲಿ ಒಂದು ಬಗೆಯದಕ್ಕೆ ಸೂಕ್ಷ್ಮವಾದ, ಮುಳ್ಳುಮುಳ್ಳಾದ ಕವಲುಗಳಿರುವುದನ್ನು ತೋರಿಸಿ ‘ಮೈಕ್ರೊಗ್ಲಿಯಾ’ ಎಂದು ಹೆಸರಿಟ್ಟರು. ಉಳಿದ ಬಗೆ, ಅಂದರೆ ಕವಲುಗಳು ಕಡಿಮೆಯಿರುವ ಆಲಿಗೊಡೆಂಡ್ರೊಗ್ಲಿಯಾ, 1921ರಲ್ಲಿ ಪೂರ್ಣ ವಿವರಣೆ ಪಡೆಯಿತು. ಮೂರನೆಯ ಘಟಕ ಒಂದಲ್ಲ, ಎರಡು.

ಈ ಎರಡರ ನಡುವಿನ ವರ್ಷದಲ್ಲಿ ಕಾಹಾಲ್ ರಾಬರ್ಟ್‌ಸನ್ನರನ್ನು ಮುಂದೆ ತಂದರು. ವಿಲಿಯಂ ಫೋರ್ಡ್ ರಾಬರ್ಟ್‌ಸನ್ ಎಡಿನ್‌ಬರೊದಲ್ಲಿ ಮಾನಸಿಕ ರೋಗಿಗಳ ಮಿದುಳನ್ನು ಪರೀಕ್ಷಿಸುತ್ತಿದ್ದ ರೋಗಶಾಸ್ತ್ರಜ್ಞ. 1899ರಲ್ಲಿ ಅವರು ಪ್ಲಾಟಿನಂ ಲವಣದಿಂದ ಕಪ್ಪು ಬಣ್ಣ ಬರಿಸುವ ಒಂದು ವಿಧಾನವನ್ನು ವರದಿ ಮಾಡಿದರು. ಅದರಲ್ಲಿ ಕಂಡ ಸಣ್ಣ, ಕವಲುಳ್ಳ ಕೋಶಗಳು ಭ್ರೂಣದ ಮಧ್ಯಸ್ತರದಿಂದ ಬಂದವು ಎಂದು ಊಹಿಸಿ ‘ಮೆಸೊಗ್ಲಿಯಾ’ ಎಂದರು. ಅವು ಕಸ ನುಂಗುವ ಕೋಶಗಳೆಂದೂ ಎಣಿಸಿದರು.

ಈ ಸಾಕ್ಷ್ಯವನ್ನು ಬಿಡಿಸಿ ನೋಡಬೇಕು. ರಾಬರ್ಟ್‌ಸನ್ನರ ಬರಹದಲ್ಲಿ ಎರಡು ಹೇಳಿಕೆಗಳಿವೆ: ಕಣ್ಣಿಗೆ ಕಂಡದ್ದು ಒಂದು, ಅದರ ಹುಟ್ಟು ಮತ್ತು ಕೆಲಸದ ಬಗೆಗಿನ ಊಹೆ ಇನ್ನೊಂದು. ಊಹೆಯನ್ನಷ್ಟೇ ಓದಿದರೆ ಅದು ರಿಯೊ-ಹೊರ್ತೇಗಾ ವಿವರಿಸಿದ ಮೈಕ್ರೊಗ್ಲಿಯಾಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ: ಮಧ್ಯಸ್ತರದ ಸಂತಾನ, ಗಾಯವಾದಲ್ಲಿ ಕವಲು ಮಡಚಿ ದುಂಡಾಗಿ ಕಸ ನುಂಗುವ ಕೋಶ. ಕಾಹಾಲ್ ಹಾಗೆಯೇ ಓದಿದರು. ಕಂಡದ್ದನ್ನು ಓದಿದರೆ ಬೇರೆ ಉತ್ತರ ಸಿಗುತ್ತದೆ. 1924ರಲ್ಲಿ ಮ್ಯಾಡ್ರಿಡ್‌ಗೆ ಬಂದು ರಿಯೊ-ಹೊರ್ತೇಗಾ ಬಳಿ ಕಲಿತ ವೈಲ್ಡರ್ ಪೆನ್‌ಫೀಲ್ಡ್, ರಾಬರ್ಟ್‌ಸನ್ನರ ಕೋಶಗಳು ಆಲಿಗೊಡೆಂಡ್ರೊಗ್ಲಿಯಾ ಎಂದು ಅದೇ ವರ್ಷದ ಲೇಖನದಲ್ಲಿ ಬರೆದರು. ಆಲಿಗೊಡೆಂಡ್ರೊಗ್ಲಿಯಾ ಹುಟ್ಟುವುದು ನರಕೋಶಗಳಂತೆ ಹೊರಸ್ತರದಿಂದ. ನರತಂತುಗಳಿಗೆ ಮಯಲಿನ್ ಹೊದಿಕೆ ಸುತ್ತುವುದು ಅದರ ಕೆಲಸ. ಅಂದರೆ ರಾಬರ್ಟ್‌ಸನ್ ಒಂದು ಕೋಶವನ್ನು ಕಂಡು ಇನ್ನೊಂದರ ಜಾತಕ ಬರೆದರು.

ನಮ್ಮ ಶಾಸನ ವಿದ್ವಾಂಸರಿಗೆ ಈ ಇಕ್ಕಟ್ಟು ಹೊಸದಲ್ಲ. ರಾಷ್ಟ್ರಕೂಟರಲ್ಲಿ ಮೂವರು ಕೃಷ್ಣರಿದ್ದಾರೆ. ಕಲ್ಲಿನ ಮೇಲೆ ‘ಕೃಷ್ಣ’ ಎಂದು ಕಂಡ ಮಾತ್ರಕ್ಕೆ ಯಾರೂ ಕಾಲನಿರ್ಣಯಕ್ಕೆ ಹೊರಡುವುದಿಲ್ಲ. ಕಾಹಾಲ್ ಮಾತ್ರ ಹಾಗೆ ಹೊರಟರು. ‘ಮೆಸೊ’ ಎಂಬ ಪೂರ್ವಪದ ಕಂಡಿತು, ಸಮೀಕರಣ ಮುಗಿಯಿತು.

ಇದರ ಹಿಂದೆ ಶಿಷ್ಯ ರಿಯೊ-ಹೊರ್ತೇಗಾ ಅವರ ಮೇಲಿನ ಅಸೂಯೆಯೇ ಇತ್ತು ಎಂಬ ಸರಳ ಕಥೆಯನ್ನು ನಾನು ಒಪ್ಪಲಾರೆ. (1920ರ ಅಕ್ಟೋಬರಿನಲ್ಲಿ ರಿಯೊ-ಹೊರ್ತೇಗಾ ಕಾಹಾಲರ ಪ್ರಯೋಗಾಲಯ ಬಿಡಬೇಕಾಯಿತು ನಿಜ. ಅದನ್ನೇ ಕೀಲಿಕೈ ಮಾಡಿಕೊಂಡವರು 1920ರ ಲೇಖನವನ್ನು ಎಷ್ಟು ಗಮನವಿಟ್ಟು ಓದಿದ್ದಾರೋ ಎಂಬ ಅನುಮಾನ ನನಗಿದೆ.) ಕಾಹಾಲ್ ಮೈಕ್ರೊಗ್ಲಿಯಾವನ್ನು ಒಪ್ಪಿಕೊಂಡರು, ಬಹುಕಾಲ ಒಪ್ಪದೆ ಉಳಿದದ್ದು ಆಲಿಗೊಡೆಂಡ್ರೊಗ್ಲಿಯಾವನ್ನು. ಅಸೂಯೆ ಹೀಗೆ ಆರಿಸಿ ತಿನ್ನುವುದಿಲ್ಲ. ಬೆಳ್ಳಿ ಕಾರ್ಬೊನೇಟ್ ಚಂಚಲವಾದ ವಿಧಾನ; ಎಲ್ಲರ ಕೈಗೂ ಒಗ್ಗುತ್ತಿರಲಿಲ್ಲ. ತಮ್ಮ ಗಾಜಿನ ಮೇಲೆ ಕಾಣದ ಕವಲನ್ನು ಕಾಹಾಲ್ ಇನ್ನೊಬ್ಬರ ಮಾತಿನ ಮೇಲೆ ನಂಬಲಿಲ್ಲ, ಅಷ್ಟೆ. ಅವರ ಬಗ್ಗೆ ನನಗಿರುವ ಗೌರವ ಈ ಮಾತಿಗೆ ಕಾರಣವಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಓದುಗರು ಬೇಕಾದರೆ ಸ್ವಲ್ಪ ವಜಾ ಮಾಡಿಕೊಳ್ಳಲಿ.

ಹಾಗೆಂದು ರಾಬರ್ಟ್‌ಸನ್ನರ ತಲೆಗೆ ಆಲಿಗೊಡೆಂಡ್ರೊಗ್ಲಿಯಾದ ಕಿರೀಟ ಇಡುವ ಉತ್ಸಾಹಿಗಳ ಜೊತೆಗೂ ನಾನಿಲ್ಲ. ಅದಕ್ಕೂ ಮೈಕ್ರೊಗ್ಲಿಯಾಕ್ಕೂ ಇರುವ ಗೆರೆಯನ್ನು ರಾಬರ್ಟ್‌ಸನ್ ಎಳೆಯಲಿಲ್ಲ. ಎಳೆದವರು ರಿಯೊ-ಹೊರ್ತೇಗಾ. ಗೆರೆ ಎಳೆಯದೆ ಬಗೆ ಹುಟ್ಟುವುದಿಲ್ಲ. ಆ ಗೆರೆಯೂ ಯಾವ ಆಧಾರದ ಮೇಲೆ ಎಂಬುದು ಕಾಲಕಾಲಕ್ಕೆ ಬದಲಾಗಿದೆ: ಮೊದಲು ಆಕಾರ, ಆಮೇಲೆ ಹುಟ್ಟು, ಈಗ ಕೋಶದೊಳಗೆ ಯಾವ ಜೀನುಗಳು ಚಾಲೂ ಇವೆ ಎಂಬ ಲೆಕ್ಕ. 2023ರಲ್ಲಿ ಪ್ರಕಟವಾದ ಇಲಿಯ ಇಡೀ ಮಿದುಳಿನ ನಕಾಶೆಯಲ್ಲಿ 5,322 ಗುಂಪುಗಳಿವೆ. ಅದೇ ವರ್ಷದ ಮಾನವ ಮಿದುಳಿನ ನಕಾಶೆಯಲ್ಲಿ 461 ಗುಂಪುಗಳು, 3,313 ಉಪಗುಂಪುಗಳು. ಈ ಸಂಖ್ಯೆಗಳನ್ನು ಆಕಾರದ ಕಾಲದ ‘ಬಗೆ’ಗಳೊಡನೆ ಹೋಲಿಸಿ ಬೆರಗಾಗುವವರು ಕಾಹಾಲರ ತಪ್ಪನ್ನೇ ಮಾಡುತ್ತಿದ್ದಾರೆ. ಪದ ಒಂದೇ, ಅಳತೆಗೋಲು ಬೇರೆ.

ಹುಟ್ಟಿನ ಪ್ರಶ್ನೆಗೆ ಬಂದರೆ, ಮೈಕ್ರೊಗ್ಲಿಯಾ ಹೊರಗಿನಿಂದ ಮಿದುಳಿಗೆ ವಲಸೆ ಬಂದದ್ದೆಂಬ ರಿಯೊ-ಹೊರ್ತೇಗಾ ಅವರ ವಾದ ಗೆದ್ದಿತು, ಬಾಗಿಲು ಮಾತ್ರ ಬೇರೆ. ಅವರು ಮಿದುಳಿನ ಪೊರೆಯತ್ತ ಬೆರಳು ಮಾಡಿದ್ದರು. ಇಲಿಗಳಲ್ಲಿ ನಡೆದ 2010ರ ಅಧ್ಯಯನ ಭ್ರೂಣದ ಹಳದಿ ಚೀಲದ ಆದಿಕೋಶಗಳತ್ತ ತೋರಿಸಿತು. ‘ಮೆಸೊ’ ಎಂಬ ಊಹೆ ಹೀಗೆ ನಿಂತಿತು, ಆದರೆ ರಾಬರ್ಟ್‌ಸನ್ ನೋಡದಿದ್ದ ಕೋಶದ ಹೆಸರಿನಲ್ಲಿ. ಅವರು ತೀರಿಕೊಂಡದ್ದು 1923ರಲ್ಲಿ, ಪೆನ್‌ಫೀಲ್ಡರ ಲೇಖನಕ್ಕೆ ಒಂದು ವರ್ಷ ಮುಂಚೆ.