ಸ್ವಲೀನತೆಯುಳ್ಳ ಕಿರಿಯ ಮಕ್ಕಳಿಗೆ ಊರಿನಲ್ಲೇ ಶೀಘ್ರ ಮಧ್ಯಸ್ಥಿಕೆ: ಕುದೇರು ಸೀಮೆಯನ್ನು ಕುರಿತ ವಿವೇಚನೆ

ಸ್ವಲೀನತೆ ಅಥವಾ ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಯಾಗಿದ್ದು, ಅದರ ಕುರುಹುಗಳು ಅನೇಕ ಮಕ್ಕಳಲ್ಲಿ ಎರಡನೆಯ ವರ್ಷದಲ್ಲೇ ಕಾಣತೊಡಗುತ್ತವೆ. ಹೆಸರು ಹಿಡಿದು ಕರೆದರೂ ಮಗು ತಿರುಗುವುದಿಲ್ಲ, ಬೇಕಾದುದನ್ನು ಬೆರಳು ಮಾಡಿ ತೋರಿಸುವುದಿಲ್ಲ, ತಾನು ಕಂಡದ್ದನ್ನು ಇನ್ನೊಬ್ಬರೂ ನೋಡಲಿ ಎಂದು ಅವರ ಮುಖದತ್ತ ಕಣ್ಣು ಹಾಯಿಸುವುದಿಲ್ಲ. ಒಂದೇ ವಸ್ತುವಿನ ಮೇಲೆ ಇಬ್ಬರೂ ಕೂಡಿ ಮನಸ್ಸಿಡುವ ಈ ಸಾಮರ್ಥ್ಯಕ್ಕೆ ಜಂಟಿ ಗಮನ ಎಂದು ಹೆಸರು. ಮಾತಿನ ಕಲಿಕೆಗೆ ಅದೇ ತಳಹದಿಯಾದ ಕಾರಣ, ಮಾತು ಬರಲೆಂದು ಕಾಯದೆ ಅದಕ್ಕೂ ಮುನ್ನವೇ ಸಂವಹನದ ಅಭ್ಯಾಸವನ್ನು ಆರಂಭಿಸುವುದನ್ನು ಶೀಘ್ರ ಮಧ್ಯಸ್ಥಿಕೆ ಎನ್ನಲಾಗುತ್ತದೆ. ಗಂಡುಮಕ್ಕಳಿಗೆ ಮಾತು ತಡ ಎಂಬ ಹಿರಿಯರ ಸಮಾಧಾನ ಪ್ರೀತಿಯಿಂದಲೇ ಹುಟ್ಟಿದ್ದರೂ, ಅದರಲ್ಲಿ ಕಳೆದುಹೋಗುವುದು ಈ ಅಮೂಲ್ಯ ಅವಧಿಯೇ.

ಚಾಮರಾಜನಗರ ತಾಲ್ಲೂಕಿನ ಕುದೇರಿನಂಥ ಊರುಗಳಲ್ಲಿ ಗುರುತಿಸುವ ವ್ಯವಸ್ಥೆಗೆ ಕಾಗದದ ಮೇಲೆ ಕೊರತೆಯಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಿ, ಅಗತ್ಯವಿದ್ದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ದಿವ್ಯಾಂಗ ಮಕ್ಕಳ ಅಂಗನವಾಡಿ ಮಾರ್ಗಸೂಚಿಯು ಗುರುತಿಸುವ ಹೊಣೆಯನ್ನು ಅಂಗನವಾಡಿ ಕಾರ್ಯಕರ್ತೆಗೂ ವಹಿಸಿದೆ. ಆದರೆ ಶಾಲಾಪೂರ್ವ ಶಿಕ್ಷಣಕ್ಕೆಂದು ಮಕ್ಕಳು ಅಂಗನವಾಡಿಯಲ್ಲಿ ದಿನವೂ ಕೂರುವುದು ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರು ಕಾರ್ಯಕರ್ತೆಯ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ತೂಕ ನೋಡುವ ದಿನ, ಆಹಾರದ ಪೊಟ್ಟಣ ಕೊಡುವ ದಿನ, ಇಲ್ಲವೇ ಮನೆಭೇಟಿಯಲ್ಲಿ. ತೂಕ ಸರಿಯಿದ್ದು, ಓಡಾಡಿಕೊಂಡಿರುವ ಮಗುವಿನ ಮೌನವು ಅಂಥ ಗಡಿಬಿಡಿಯಲ್ಲಿ ಯಾರ ಗಮನಕ್ಕೂ ಬಾರದೆ ಹೋಗುವುದು ಸಹಜ.

ಇದಕ್ಕಿಂತ ದೊಡ್ಡ ತೊಡಕು ಗುರುತಿಸಿದ ನಂತರದ್ದು. ಮೈಸೂರಿನಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಭಾಗದ ಕುಟುಂಬಗಳಿಗೆ ಆಸರೆಯೇನೋ ಹೌದು. ಆದರೆ ಒಂದು ದಿನದ ತಪಾಸಣೆಗೆ ಹೋಗಿಬರುವುದು ಬೇರೆ, ವಾರವಾರವೂ ಕೂಲಿ ಬಿಟ್ಟು ಬಸ್ಸು ಹಿಡಿಯುವುದು ಬೇರೆ. ಇದೇ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಂಸ್ಥೆಯ ವಿಸ್ತರಣಾ ಸೇವೆ ದೊರೆತದ್ದು ತಜ್ಞರನ್ನೇ ಹಳ್ಳಿಗೆ ತರಲು ಸಾಧ್ಯವೆಂಬುದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಊರೂರಿಗೆ ಹಬ್ಬಿಸುವಷ್ಟು ತಜ್ಞರಿಲ್ಲದಿರುವುದರಿಂದ, ತರಬೇತಿ ಪಡೆದ ಸ್ಥಳೀಯರ ಮೂಲಕ ಈ ಕೆಲಸ ಆಗಬಹುದೇ ಎಂಬ ಪ್ರಶ್ನೆ ಏಳುತ್ತದೆ.

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಎರಡರಿಂದ ಒಂಬತ್ತು ವರ್ಷದ 65 ಮಕ್ಕಳನ್ನು ಒಳಗೊಂಡು ನಡೆದು, 2016ರಲ್ಲಿ ಪ್ರಕಟವಾದ ಪ್ಯಾಸ್ ಎಂಬ ಅಧ್ಯಯನವು ಇದನ್ನೇ ಪರೀಕ್ಷಿಸಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಾಯ್ತಂದೆಯರಿಗೆ ಮಗುವಿನೊಡನೆ ಒಡನಾಡುವ ಬಗೆಯನ್ನು ಆರು ತಿಂಗಳಲ್ಲಿ 12 ಬೈಠಕ್‌ಗಳ ಮೂಲಕ ಕಲಿಸಿದರು. ಹೆತ್ತವರು ಮಗುವಿನ ಆಸಕ್ತಿಗೆ ಹೊಂದಿಕೊಂಡು ಸ್ಪಂದಿಸುವುದೂ, ಮಗು ತಾನಾಗಿಯೇ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿದವು. ಆದರೆ ಇಬ್ಬರೂ ಕೂಡಿ ಗಮನವಿಡುವ ಅವಧಿ ಕಡಿಮೆಯಾಯಿತು. ಈ ಫಲಿತಾಂಶವನ್ನು ಬದಿಗೆ ಸರಿಸುವುದು ಸರಿಯಲ್ಲ.

ಕುದೇರು ಸೀಮೆಯಲ್ಲಿ ಈ ವಿಧಾನವನ್ನು ಅಳವಡಿಸುವುದಾದರೆ, ಹಗಲೆಲ್ಲ ಮಗು ಯಾರ ಮಡಿಲಲ್ಲಿರುತ್ತದೆ ಎಂಬುದನ್ನು ಮೊದಲು ಕೇಳಬೇಕು. ತಾಯಿ ಹೊಲಕ್ಕೋ ಕೂಲಿಗೋ ಹೋದ ಮನೆಯಲ್ಲಿ ಮಗುವಿನ ಜೊತೆಗಾತಿ ಅಜ್ಜಿ. ತರಬೇತಿ ತಾಯಿಗಷ್ಟೇ ಸಿಕ್ಕರೆ ಅಭ್ಯಾಸಕ್ಕೆ ಉಳಿಯುವುದು ಆಕೆ ದಣಿದು ಬಂದ ಸಂಜೆ ಮಾತ್ರ. ಕರುವಿಗೆ ಹುಲ್ಲು ಹಾಕುವಾಗ, ಸಂಜೆ ಡೈರಿಗೆ ಹಾಲು ಹಾಕಲು ಹೋಗುವಾಗ ಮಗು ಏನನ್ನು ನೋಡುತ್ತಿದೆಯೋ ಅದನ್ನೇ ಹೆಸರಿಸಿ, ಅದರ ಮರುಸ್ಪಂದನೆಗೆ ತುಸು ಕಾಯುವುದನ್ನು ಅಜ್ಜಿಗೂ ಕಲಿಸಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಈಗಾಗಲೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ವಾಕ್ ತಜ್ಞರ ನಿರಂತರ ಮಾರ್ಗದರ್ಶನ ದೊರೆತರೆ, ಈ ಕಲಿಸುವ ಕೆಲಸವನ್ನು ಅವರೇ ಮನೆಗಳಲ್ಲಿ ನಡೆಸಬಲ್ಲರು. ಪ್ಯಾಸ್ ಅಧ್ಯಯನದಲ್ಲಿ ಕುಗ್ಗಿದ ಜಂಟಿ ಗಮನ ಇಂಥ ದಿನನಿತ್ಯದ ಕೆಲಸಗಳ ನಡುವೆ ಹಿಗ್ಗುತ್ತದೆಯೇ ಎಂಬುದನ್ನು, ಅಜ್ಜಿಯೂ ಪಾಲ್ಗೊಂಡ ಮನೆಗಳನ್ನು ತಾಯಿ ಮಾತ್ರ ಪಾಲ್ಗೊಂಡ ಮನೆಗಳೊಡನೆ ಹೋಲಿಸಿ ಪರೀಕ್ಷಿಸಬೇಕಾಗಿದೆ.