ಕಿರುಕಾರುಗಳ ಓಟದಲ್ಲಿ ಇಂಧನ ಮತ್ತು ಕನಿಷ್ಠ ತೂಕ: ನಿಯಮಗಳ ಚರಿತ್ರೆ

ಆಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನೇ ಲೆಕ್ಕವಿಡುತ್ತಾರೆ; ನಿಯಮಗಳ ಚರಿತ್ರೆಯನ್ನು ಬರೆಯುವವರು ವಿರಳ. ಆದರೆ ಕಣಕ್ಕೆ ಯಾರು ಇಳಿಯಬಹುದು, ಯಾರು ಬೇಲಿಯ ಹೊರಗೆ ನಿಂತು ನೋಡಬೇಕು ಎಂಬುದನ್ನು ತೀರ್ಮಾನಿಸುವುದು ನಿಯಮವೇ. ಮೋಟಾರು ಪಂದ್ಯಗಳಲ್ಲಿ, ಅದರಲ್ಲಿಯೂ ಸಣ್ಣ ಯಂತ್ರಗಳ ಕಾರುಗಳ ಓಟದಲ್ಲಿ, ಈ ತೀರ್ಮಾನವು ಮುಖ್ಯವಾಗಿ ಎರಡು ಕಟ್ಟಳೆಗಳನ್ನು ಅವಲಂಬಿಸಿದೆ: ಯಾವ ಇಂಧನವನ್ನು ಉರಿಸಬಹುದು, ಕಾರು ಎಷ್ಟಕ್ಕಿಂತ ಕಡಿಮೆ ತೂಗಬಾರದು. ಈ ಎರಡು ಕಟ್ಟಳೆಗಳು ಹೇಗೆ ಹುಟ್ಟಿದವು, ಏತಕ್ಕಾಗಿ ಬದಲಾದವು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅನಕಾಪಲ್ಲಿಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ತೀರ ದೂರದ್ದಾಗಿ ತೋರಬಾರದು. ಈ ಊರಿನ ಬೆಲ್ಲದ ಪೇಟೆ ದೇಶದ ದೊಡ್ಡ ಬೆಲ್ಲದ ಪೇಟೆಗಳಲ್ಲೊಂದು. ಸಮೀಪದ ವಿಶಾಖಪಟ್ಟಣದಲ್ಲಿ ೧೯೫೭ರಲ್ಲಿ ಕಾಲ್ಟೆಕ್ಸ್ ಸಂಸ್ಥೆಯು ಆರಂಭಿಸಿದ, ಈಗ ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಗೆ ಸೇರಿರುವ ತೈಲ ಶುದ್ಧೀಕರಣಾಗಾರವಿದೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಪೆಟ್ರೋಲು. ಓಟದ ಕಾರುಗಳ ಇಂಧನದ ವಿವಾದವೆಲ್ಲ ಮದ್ಯಸಾರಕ್ಕೂ ಪೆಟ್ರೋಲಿಗೂ ನಡುವಣ ವಿವಾದವೇ ಆಗಿದೆ.

ಮೊದಲು ಮದ್ಯಸಾರದ ಗುಣವನ್ನು ನೋಡೋಣ. ಒಂದು ಕಿಲೋಗ್ರಾಂ ಪೆಟ್ರೋಲು ಉರಿದಾಗ ಸುಮಾರು ೪೪ ಮೆಗಾಜೂಲ್ ಶಾಖ ದೊರೆಯುತ್ತದೆ. ಕಾಕಂಬಿಯಿಂದ ಬಟ್ಟಿಯಿಳಿಸಿದ ಎಥನಾಲಿನಿಂದ ಸುಮಾರು ೨೭, ಮೆಥನಾಲಿನಿಂದ ಸುಮಾರು ೨೦ ಮಾತ್ರ. ಹೀಗಿದ್ದೂ ಓಟದವರು ಮದ್ಯಸಾರವನ್ನು ಬಯಸಿದ್ದೇಕೆ? ಒಂದು ಪಾಲು ಪೆಟ್ರೋಲು ಉರಿಯಲು ತೂಕದಲ್ಲಿ ೧೪ಕ್ಕೂ ಹೆಚ್ಚು ಪಾಲು ಗಾಳಿ ಬೇಕು. ಮೆಥನಾಲಿಗೆ ಆರೂವರೆ ಪಾಲು ಸಾಕು. ಸಿಲಿಂಡರು ಸೆಳೆಯಬಲ್ಲ ಗಾಳಿ ಇಷ್ಟೇ ಎಂದು ಗೊತ್ತಾಗಿರುವಾಗ, ಅದೇ ಗಾಳಿಯೊಡನೆ ಎರಡು ಪಟ್ಟಿಗೂ ಮಿಗಿಲಾದ ಮೆಥನಾಲನ್ನು ಉರಿಸಬಹುದು. ಮೇಲಾಗಿ ಅದು ಆವಿಯಾಗುವಾಗ ಪೆಟ್ರೋಲಿನ ಮೂರು ಪಟ್ಟಿನಷ್ಟು ಶಾಖವನ್ನು ಹೀರಿಕೊಂಡು ಯಂತ್ರವನ್ನು ತಂಪಾಗಿಡುತ್ತದೆ. ಅಕಾಲ ದಹನದ ಬಡಿತವಿಲ್ಲದೆ ಮಿಶ್ರಣವನ್ನು ಹೆಚ್ಚು ಒತ್ತಬಹುದು. ಬೆಲೆಯೆಂದರೆ ತೊಟ್ಟಿ ಬೇಗ ಬರಿದಾಗುತ್ತದೆ, ಅದು ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದು.

ತೂಕದ ಕಟ್ಟಳೆ ಮೊದಲು ಬಂದದ್ದು ಕನಿಷ್ಠದ ರೂಪದಲ್ಲಲ್ಲ, ಗರಿಷ್ಠದ ರೂಪದಲ್ಲಿ ಎಂಬುದು ಗಮನಾರ್ಹ. ೧೯೩೪ರಿಂದ ೧೯೩೭ರ ವರೆಗೆ ಯುರೋಪಿನ ಗ್ರಾಂಪ್ರಿ ಪಂದ್ಯಗಳಲ್ಲಿ ಬರಿಯ ಕಾರು ೭೫೦ ಕಿಲೋಗ್ರಾಮಿಗಿಂತ ಹೆಚ್ಚು ತೂಗಬಾರದೆಂಬ ವಿಧಿಯಿತ್ತು. ಹಗುರವಾದ ಕಾರಿನಲ್ಲಿ ಯಂತ್ರವೂ ಚಿಕ್ಕದಾಗಿರುವುದು, ವೇಗವೂ ಇಳಿಯುವುದು ಎಂದು ವಿಧಿಕರ್ತರು ಭಾವಿಸಿದ್ದರು. ಆದದ್ದು ವಿಪರೀತ. ಜರ್ಮನ್ ತಯಾರಕರು ಹಗುರ ಲೋಹಗಳಿಂದ ಚೌಕಟ್ಟನ್ನು ತೆಳುಗೊಳಿಸಿ, ಉಳಿಸಿದ ತೂಕವನ್ನೆಲ್ಲ ಯಂತ್ರಕ್ಕೇ ಸುರಿದರು. ೧೯೩೭ರ ಮರ್ಸಿಡಿಸ್ ಕಾರು ಸುಮಾರು ೬೦೦ ಅಶ್ವಶಕ್ತಿಯನ್ನು ಮುಟ್ಟಿತು. ೧೯೩೮ರಲ್ಲಿ ವಿಧಿಯನ್ನು ತಲೆಕೆಳಗು ಮಾಡಿ, ಯಂತ್ರದ ಗಾತ್ರಕ್ಕೆ ಮೇಲಿನ ಮಿತಿಯನ್ನೂ ತೂಕಕ್ಕೆ ಕೆಳಗಿನ ಮಿತಿಯನ್ನೂ ಹಾಕಬೇಕಾಯಿತು. ಹಗುರತನಕ್ಕೆ ಬಹುಮಾನವಿಟ್ಟರೆ ಅದನ್ನು ಕೊಳ್ಳಬಲ್ಲವನು ಸಿರಿವಂತನೇ ಎಂಬ ಪಾಠ ಅಂದಿಗೆ ಸ್ಪಷ್ಟವಾಯಿತು.

ಬಡವರ ಓಟ ಹುಟ್ಟಿದ್ದು ಎರಡನೆಯ ಮಹಾಯುದ್ಧದ ತರುವಾಯ. ೧೯೪೬ರ ವೇಳೆಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಉತ್ಸಾಹಿಗಳು ೫೦೦ ಘನ ಸೆಂಟಿಮೀಟರಿನ ಮೋಟಾರುಸೈಕಲ್ ಯಂತ್ರವನ್ನು ಪುಟ್ಟ ಚೌಕಟ್ಟಿಗೆ ಕೂಡಿಸಿ ಓಡಿಸುವ ಪದ್ಧತಿಯನ್ನು ರೂಪಿಸಿದರು. ಅದೇ ವರ್ಷ ಜಾನ್ ಕೂಪರ್ ಮತ್ತು ಎರಿಕ್ ಬ್ರಾಂಡನ್ ಎಂಬ ಗೆಳೆಯರು ಹಳೆಯ ಫಿಯಟ್ ಕಾರುಗಳ ಭಾಗಗಳಿಂದ ತಮ್ಮ ಕಾರನ್ನು ಕಟ್ಟಿದರು. ೧೯೫೦ರಲ್ಲಿ ಈ ವರ್ಗಕ್ಕೆ ಮೂರನೆಯ ಫಾರ್ಮುಲಾ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಕನಿಷ್ಠ ತೂಕ ೨೦೦ ಕಿಲೋಗ್ರಾಂ. ಗಾಳಿಯಿಂದಲೇ ತಣಿಯಬೇಕಾದ ಆ ಒಂಟಿ ಸಿಲಿಂಡರಿನ ಯಂತ್ರಗಳಿಗೆ ಮೆಥನಾಲು ವರದಾನವಾಯಿತು.

ಇಷ್ಟು ಹಗುರವಾದ ಕಾರಿನಲ್ಲಿ ಚಾಲಕನ ಮೈತೂಕವೇ ಒಂದು ಪ್ರಶ್ನೆಯಾಗುತ್ತದೆ. ಯಂತ್ರದ ಬಲ ೪೫ ಅಶ್ವಶಕ್ತಿ ಎಂದಿಟ್ಟುಕೊಳ್ಳೋಣ. ೮೦ ಕಿಲೋಗ್ರಾಮಿನ ಚಾಲಕನಿದ್ದರೆ ಒಟ್ಟು ತೂಕ ೨೮೦. ೫೫ ಕಿಲೋಗ್ರಾಮಿನವನಿದ್ದರೆ ೨೫೫. ನೂರು ಕಿಲೋಗ್ರಾಮಿಗೆ ಮೊದಲನೆಯವನಿಗೆ ೧೬.೧, ಎರಡನೆಯವನಿಗೆ ೧೭.೬ ಅಶ್ವಶಕ್ತಿ, ಅಂತರ ಸುಮಾರು ಶೇಕಡ ೧೦. ಕಾರು ೭೦೦ ಕಿಲೋಗ್ರಾಮಿನದಾಗಿದ್ದರೆ ಇದೇ ಇಬ್ಬರ ನಡುವಣ ಅಂತರ ಶೇಕಡ ಮೂರನ್ನು ಸ್ವಲ್ಪ ಮೀರುತ್ತದೆ, ಅಷ್ಟೆ. ಕಾರು ಚಿಕ್ಕದಾದಷ್ಟೂ ತಕ್ಕಡಿಯ ಅನ್ಯಾಯ ದೊಡ್ಡದು. ಕಾರ್ಟ್ ಎಂಬ ಪುಟ್ಟ ಬಂಡಿಗಳ ಪಂದ್ಯದಲ್ಲಿ ಚಾಲಕನನ್ನೂ ಬಂಡಿಯನ್ನೂ ಕೂಡಿಸಿಯೇ ತೂಗುವ ರೂಢಿ ಬಂದದ್ದು ಈ ಕಾರಣದಿಂದ. ದೊಡ್ಡ ಪಂದ್ಯವಾದ ಒಂದನೆಯ ಫಾರ್ಮುಲಾ ಈ ಕ್ರಮವನ್ನು ಒಪ್ಪಿದ್ದು ೧೯೯೫ರಲ್ಲಿ.

೧೯೫೮ರಲ್ಲಿ ಒಂದನೆಯ ಫಾರ್ಮುಲಾದಿಂದ ಮದ್ಯಸಾರ ಹೊರಬಿದ್ದಿತು. ವಿಮಾನದ ಪೆಟ್ರೋಲು ಕಡ್ಡಾಯವಾಯಿತು. ತಾವು ಮಾರುವ ಸರಕೇ ಪಂದ್ಯವನ್ನು ಗೆದ್ದಿತೆಂದು ಸಾರಿಕೊಳ್ಳುವ ತೈಲ ಕಂಪನಿಗಳ ಆಸೆಯೂ ಇದರ ಹಿಂದೆ ಇದ್ದಿತು. ಅದೇ ವರ್ಷ, ೧೯೬೧ರಿಂದ ಜಾರಿಗೆ ಬರತಕ್ಕ ಒಂದೂವರೆ ಲೀಟರಿನ ಹೊಸ ಪದ್ಧತಿಯನ್ನು ಪ್ರಕಟಿಸಿ, ಕನಿಷ್ಠ ತೂಕ ೫೦೦ ಕಿಲೋಗ್ರಾಂ ಎಂದು ಸೂಚಿಸಲಾಯಿತು. ಹಗುರವಾದ ಕಾರು ಕಟ್ಟುವುದರಲ್ಲಿ ನಿಪುಣರಾಗಿದ್ದ ಇಂಗ್ಲಿಷರು ಇದನ್ನು ಬಲವಾಗಿ ವಿರೋಧಿಸಿದರು. ಮಿತಿ ೪೫೦ಕ್ಕೆ ಇಳಿಯಿತು. ಈ ಐವತ್ತು ಕಿಲೋಗ್ರಾಮಿನ ಜಗಳ ಕೇವಲ ವೇಗದ ಜಗಳವಲ್ಲ. ಕಾರು ಮಗುಚಿದಾಗ ಚಾಲಕನ ತಲೆಯನ್ನು ಕಾಯುವ ಕಮಾನಿಗೂ ತೂಕವುಂಟು. ಕೆಳಗಿನ ಮಿತಿ ಇಲ್ಲದ ಕಡೆ ಅಂಥ ಕಮಾನನ್ನು ತೆಗೆದುಹಾಕಿದವನೇ ಮುಂದೆ ಹೋಗುತ್ತಾನೆ. ಆದುದರಿಂದ ಕನಿಷ್ಠ ತೂಕವೆಂಬುದು ಚಾಲಕನ ಜೀವಕ್ಕೆ ಕಟ್ಟಿದ ಒಂದು ಬೇಲಿ.

ಇತ್ತ ಇಟಲಿಯ ಜೊವಾನ್ನಿ ಲುರಾನಿಯವರು ಯುವಕರಿಗಾಗಿ ಸೂಚಿಸಿದ ಫಾರ್ಮುಲಾ ಜೂನಿಯರ್ ೧೯೫೯ರಲ್ಲಿ ಅಂತರರಾಷ್ಟ್ರೀಯ ವರ್ಗವಾಯಿತು. ಯಂತ್ರ ಜನಸಾಮಾನ್ಯರ ಕಾರಿನದೇ ಆಗಿರಬೇಕು. ಇಂಧನ ಅಂಗಡಿಯಲ್ಲಿ ದೊರೆಯುವ ಪೆಟ್ರೋಲು. ಸಾವಿರ ಘನ ಸೆಂಟಿಮೀಟರಿನ ವರೆಗೆ ೩೬೦ ಕಿಲೋಗ್ರಾಂ, ೧೧೦೦ರ ವರೆಗೆ ೪೦೦. ಯಂತ್ರದ ಗಾತ್ರದೊಡನೆ ತೂಕವನ್ನೂ ಏರಿಸಿದ ಈ ತೂಗುವಿಕೆ ನ್ಯಾಯವಾಗಿತ್ತು. ಆದರೂ ಕುಶಲ ತಯಾರಕರು ಕಣಕ್ಕಿಳಿದೊಡನೆ ಖರ್ಚು ಏರಿತು. ೧೯೬೩ರ ಕೊನೆಗೆ ಈ ವರ್ಗ ಮುಗಿಯಿತು. ಕಟ್ಟಳೆ ಖರ್ಚನ್ನು ತಡೆಯಬಲ್ಲುದು, ನಿಲ್ಲಿಸಲಾರದು.

ನಮ್ಮ ದೇಶದ ಮಾತಿಗೆ ಬರೋಣ. ಯುದ್ಧಕಾಲದ ವಿಮಾನ ಪಥವೊಂದು ಮದರಾಸಿನ ಹತ್ತಿರದ ಶೋಳವರಂನಲ್ಲಿ ಉಳಿದಿತ್ತು. ೧೯೫೩ರಲ್ಲಿ ಹುಟ್ಟಿದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ಓಟಗಳನ್ನು ನಡೆಸಿತು. ವಿದೇಶದಿಂದ ತರಿಸಿದ ಕಾರಿಗೂ ಊರ ಕಾರ್ಖಾನೆಯಲ್ಲಿ ಕೈಯಿಂದ ಕಟ್ಟಿದ ಕಾರಿಗೂ ಅಲ್ಲಿ ಒಂದೇ ಕಣ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಒಂದನೆಯ ಫಾರ್ಮುಲಾದ ಹಳೆಯ ಎನ್‌ಸೈನ್ ಕಾರನ್ನು ಓಡಿಸಿದ್ದೂ ಅಲ್ಲಿಯೇ. ಇಂಥ ಕಣದಲ್ಲಿ ಸಾಮಾನ್ಯ ಯುವಕನ ಪಾಡೇನು? ಇದಕ್ಕೆ ಉತ್ತರವನ್ನು ಕೊಟ್ಟವರು ಕೊಯಮತ್ತೂರಿನ ಎಸ್. ಕರಿವರ್ಧನ್. ೧೯೮೩ರ ಡಿಸೆಂಬರಿನಲ್ಲಿ ಪೇಟೆಗೆ ಬಂದ ಮಾರುತಿ ೮೦೦ ಕಾರಿನ ೭೯೬ ಘನ ಸೆಂಟಿಮೀಟರಿನ ಯಂತ್ರವನ್ನು ಒಂಟಿ ಆಸನದ ಚೌಕಟ್ಟಿಗೆ ಹೂಡಿ, ೧೯೮೮ರಲ್ಲಿ ಅವರು ಫಾರ್ಮುಲಾ ಮಾರುತಿಯನ್ನು ಆರಂಭಿಸಿದರು. ಎಲ್ಲರಿಗೂ ಒಂದೇ ಯಂತ್ರ, ಒಂದೇ ಬಗೆಯ ಚೌಕಟ್ಟು. ಲುರಾನಿಯವರ ತತ್ತ್ವ ನಮ್ಮ ನೆಲದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ನೆಲೆಗೊಂಡಿತು. ಆ ವರ್ಗದಲ್ಲಿ ಪಳಗಿದ ನಾರಾಯಣ ಕಾರ್ತಿಕೇಯನ್ ೨೦೦೫ರಲ್ಲಿ ಒಂದನೆಯ ಫಾರ್ಮುಲಾವನ್ನು ಪ್ರವೇಶಿಸಿದ ಮೊದಲ ಭಾರತೀಯನಾದರು. ೧೯೯೫ರಲ್ಲಿ ಕಿರುವಿಮಾನದ ಅಪಘಾತದಲ್ಲಿ ತೀರಿಹೋದ ಕರಿವರ್ಧನರಿಗೆ ತಮ್ಮ ಈ ಸಸಿಯ ಫಲವನ್ನು ಕಾಣುವ ಭಾಗ್ಯವಿರಲಿಲ್ಲ.

ಹೊರಹಾಕಿದ ಮದ್ಯಸಾರ ಮಾತ್ರ ಮರಳಿ ಬಂದಿತು. ೧೯೬೪ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಇಬ್ಬರು ಚಾಲಕರು ಬೆಂಕಿಗೆ ಬಲಿಯಾದ ಮೇಲೆ ಅಲ್ಲಿನವರು ಪೆಟ್ರೋಲನ್ನು ಬಿಟ್ಟು, ನೀರಿನಿಂದಲೇ ನಂದಿಸಬಹುದಾದ ಮೆಥನಾಲನ್ನು ಹಿಡಿದರು. ೨೦೦೭ರಲ್ಲಿ ಎಥನಾಲಿಗೆ ತಿರುಗಿದರು. ೨೦೨೨ರಲ್ಲಿ ಒಂದನೆಯ ಫಾರ್ಮುಲಾವೂ ಶೇಕಡ ೧೦ರಷ್ಟು ಎಥನಾಲನ್ನು ಬೆರೆಸಿತು. ಭಾರತದಲ್ಲಿ ಈ ವಿಚಾರ ಹಳೆಯದು: ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸಲು ೧೯೪೮ರಲ್ಲಿಯೇ ಶಾಸನವಾಗಿತ್ತು. ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯಿಂದ ಮಂಡ್ಯದ ರೈತನು ಕಾಕಂಬಿಯ ಬೆಲೆಯನ್ನು ಅರಿತಿದ್ದನು. ೨೦೦೩ರಲ್ಲಿ ಆಂಧ್ರ, ಕರ್ನಾಟಕಗಳೆರಡೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇಕಡ ೫ರ ಮಿಶ್ರಣ ಮೊದಲಾಯಿತು. ೨೦೨೫ರಲ್ಲಿ ಅದು ಶೇಕಡ ೨೦ನ್ನು ಮುಟ್ಟಿತು. ಓಟಗಾರನ ರಹಸ್ಯ ಮಿಶ್ರಣವಾಗಿದ್ದುದು ಈಗ ಬೀದಿಯ ಕಾರಿನ ಆಹಾರ.

ಇಷ್ಟರಿಂದ ವ್ಯಕ್ತವಾಗುವುದೇನೆಂದರೆ, ಇಂಧನದ ಕಟ್ಟಳೆಯನ್ನು ಸುರಕ್ಷತೆಯೂ ವ್ಯಾಪಾರವೂ ಸಮನಾಗಿ ಎಳೆದಾಡಿವೆ. ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಕನಿಷ್ಠ ತೂಕದ ಕಟ್ಟಳೆಯಾದರೋ ಒಂದೇ ದಿಕ್ಕಿನಲ್ಲಿ ಬೆಳೆದಿದೆ: ಮೊದಲು ಹಣದ ಅಂತರವನ್ನು ತಗ್ಗಿಸಿತು, ಆಮೇಲೆ ಪ್ರಾಣವನ್ನು ಕಾಯಿತು, ಕೊನೆಗೆ ಚಾಲಕನ ಮೈಕಟ್ಟಿನ ಅಂತರವನ್ನೂ ಗಣನೆಗೆ ತಂದಿತು. ೨೦೨೩ರ ಫೆಬ್ರವರಿಯಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಓಡಿದ ವಿದ್ಯುತ್ ಕಾರುಗಳಿಗೆ ಪೆಟ್ರೋಲೂ ಬೇಡ, ಮದ್ಯಸಾರವೂ ಬೇಡ. ಆದರೆ ಚಾಲಕನೊಡನೆ ಕೂಡಿಸಿ ಅವುಗಳನ್ನು ತೂಗಿದ ತಕ್ಕಡಿ ಹಾಗೆಯೇ ಉಳಿದಿದೆ.