ಹೊಯ್ಸಳ ನಾಡಿನ ತಟ್ಟೆ, ಭಾಗ 4: ಯಾವ ನೀರಿನ ಮೀನು?

ಫೋಟೋದಲ್ಲಿರೋದು ಹಳೇಬೀಡಿನ ಕೆರೆ. ಹೊಯ್ಸಳರ ಕಾಲದಲ್ಲಿ ಊರಿನ ಹೆಸರೇ ದೋರಸಮುದ್ರ. ಅರಸೀಕೆರೆ ಅಂದ್ರೆ ಅರಸಿಯ ಕೆರೆ. ಬೇಲೂರಿನ ಪಕ್ಕದಲ್ಲೇ ಯಗಚಿ ಹೊಳೆ. ನೀರಿದ್ದ ಕಡೆ ಮೀನೂ ಇರುತ್ತೆ. ಆದ್ರೆ ದೇವಸ್ಥಾನ ನೋಡೋಕೆ ಬಂದವರು ಅದರ ಕಥೆ ಕೇಳೋದು ಕಮ್ಮಿ.

1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದಾಗ ಹೊಯ್ಸಳರು ಇನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರು. ಅದಾಗಿ ಹತ್ತು-ಹದಿನೈದು ವರ್ಷದೊಳಗೆ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಬಂತು. ಅದರಲ್ಲಿ ಮತ್ಸ್ಯವಿನೋದ ಅಂತ ಮೀನು ಹಿಡಿಯೋದಕ್ಕೇ ಒಂದು ಭಾಗ ಇದೆ. ಸಮುದ್ರದ್ದಾ ಹೊಳೆಯದ್ದಾ, ದೊಡ್ಡದಾ ಸಣ್ಣದಾ, ಮೈಮೇಲೆ ಹುರುಪೆ ಇದೆಯಾ ಇಲ್ವಾ ಅಂತ ಮೀನುಗಳನ್ನ ವಿಂಗಡಿಸಿದ್ದಾನೆ.

ಸೋಮೇಶ್ವರನ ಲೆಕ್ಕ ಗಾಳ ಹಾಕೋರಿಗೆ. ಆದ್ರೆ ಮೀನಿನಲ್ಲಿ ಯಾವ ಖನಿಜ ಎಷ್ಟಿದೆ ಅಂತ ನೋಡೋರೂ ಇವತ್ತು ಮೊದಲ ಎರಡು ಪ್ರಶ್ನೆ ಕೇಳಲೇಬೇಕು.

ಯಾವ ನೀರು? ಅಯೋಡಿನ್ ಸಮುದ್ರದ ಸ್ವತ್ತು. ಬಂಗುಡೆ, ಬೂತಾಯಿಯಲ್ಲಿ ಅದು ಸಿಗುತ್ತೆ, ಕೆರೆ ಮೀನಲ್ಲಿ ತೀರಾ ಕಮ್ಮಿ. ದೋರಸಮುದ್ರದ ಹೆಸರಲ್ಲಿ ಸಮುದ್ರ ಇದೆ, ನೀರಲ್ಲಿಲ್ಲ! ದೊಡ್ಡವರಿಗೆ ದಿನಕ್ಕೆ ಬೇಕಾಗಿರೋದು ಬರೀ 150 ಮೈಕ್ರೋಗ್ರಾಂ, ಆದ್ರೆ ಅದಿಲ್ಲದಿದ್ರೆ ಗಳಗಂಡ. ಉಪ್ಪಿಗೆ ಅಯೋಡಿನ್ ಸೇರಿಸೋ ಮೊದಲು, ಘಟ್ಟ ಹತ್ತಿ ಬಂದ ಒಣಮೀನು ಸಾರಿನ ಜೊತೆ ಅದನ್ನೂ ಸ್ವಲ್ಪ ತರ್ತಿತ್ತು.

ಎಷ್ಟು ದೊಡ್ಡದು? ಬೆರಳುದ್ದದ ಮೀನನ್ನ ತಲೆ, ಮುಳ್ಳು ಸಮೇತ ತಿಂತೀವಿ. ಸತು, ಕಬ್ಬಿಣ, ಸುಣ್ಣದ ಅಂಶ ಹೆಚ್ಚು ಇರೋದು ಅಲ್ಲೇ. ದೊಡ್ಡ ಮೀನಿನ ತುಂಡಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಆದ್ರೆ ಮುಳ್ಳು ತಟ್ಟೆ ಪಕ್ಕಕ್ಕೆ ಹೋಗುತ್ತೆ, ಅದರ ಜೊತೆ ಖನಿಜವೂ. ಇನ್ನು ಸಮುದ್ರದಲ್ಲಿ ಬೇರೆ ಮೀನು ತಿಂದು ಬದುಕೋ ದೊಡ್ಡ ಮೀನುಗಳಲ್ಲಿ ಪಾದರಸವೂ ಸೇರಿಕೊಳ್ಳುತ್ತೆ.

ಇವತ್ತು ನಮ್ಮ ಕೆರೆಗಳಿಗೆ ಬಿಡೋದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಮೂಲತಃ ಗಂಗಾ ಬಯಲಿನವು. ಬೇಗ ಬೆಳೀತಾವೆ, ಮೀನುಗಾರರಿಗೆ ಸಂಪಾದನೆ. ಅದು ಬೇಡ ಅಂತಲ್ಲ. ಆದ್ರೆ ಕಿಲೋ ಲೆಕ್ಕದಲ್ಲಿ ಬೆಲೆ ಇಲ್ಲದ ಸಣ್ಣ ಮೀನನ್ನ ಯಾರೂ ಸಾಕಲ್ಲ, ಕೆರೆ ಬತ್ತಿದ್ರೆ ಮತ್ತೆ ತಂದು ಬಿಡೋರೂ ಇಲ್ಲ. ನಮ್ಮಜ್ಜಿ ಬಸುರಿ ಹೆಂಗಸರಿಗೆ, ಮಕ್ಕಳಿಗೆ ಮೊದಲು ಬಡಿಸ್ತಿದ್ದದ್ದು ಅದನ್ನೇ. ಖನಿಜ ಅನ್ನೋ ಪದ ಅವಳಿಗೆ ಗೊತ್ತಿರಲಿಲ್ಲ.

ನಿಮ್ಮೂರ ಕೆರೆಯ ಸಣ್ಣ ಮೀನಿನ ಹೆಸರೇನು? ಕಾಮೆಂಟಲ್ಲಿ ಬರೀರಿ. ಹೆಸರು ಮರೆತ್ರೆ ಮೀನೂ ಮರೆತ ಹಾಗೇ.

#ಹಳೇಬೀಡು #ಬೇಲೂರು #ಅರಸೀಕೆರೆ #ಕೆರೆಮೀನು #ಹೊಯ್ಸಳನಾಡಿನತಟ್ಟೆ